ಮಿದುಳಿನಲ್ಲಿ ಸಿಸ್ಟ್: ಅಂಜಿಕೆಯೂ ಬೇಡ, ಅಲಕ್ಷ್ಯವೂ ಬೇಡ

ಶಿರಸ್ಸಿಗೆ ಆಯುರ್ವೇದದಲ್ಲಿ ‘ಉತ್ತಮಾಂಗ’ ಎಂಬ ಹೆಸರಿದೆ. ಪ್ರಾಣಗಳೂ ಇಂದ್ರಿಯಗಳೂ ಆಶ್ರಯಿಸಿರುವ ಸ್ಥಾನವಾದುದರಿಂದ ಅದು ಉಳಿದೆಲ್ಲ ಅಂಗಗಳಿಗಿಂತ ಮಿಗಿಲೆಂದು ಚರಕಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ಆದ್ದರಿಂದಲೇ ತಲೆಯೊಳಗಿನ ಕಾಯಿಲೆಯ ಮಾತು ಕಿವಿಗೆ ಬಿದ್ದೊಡನೆ ಮನೆಮಂದಿಯ ಎದೆ ಝಲ್ಲೆನ್ನುತ್ತದೆ. ಸಿ.ಟಿ. ಮತ್ತು ಎಂ.ಆರ್.ಐ. ಪರೀಕ್ಷೆಗಳು ಜಿಲ್ಲಾ ಕೇಂದ್ರಗಳಲ್ಲಿಯೂ ದೊರೆಯತೊಡಗಿದ ಮೇಲೆ, ‘ಮಿದುಳಿನಲ್ಲಿ ಸಿಸ್ಟ್ ಇದೆ’ ಎಂದು ಬರೆದ ವರದಿಯನ್ನು ಹಿಡಿದು ವೈದ್ಯರಲ್ಲಿಗೆ ಬರುವವರು ಹೆಚ್ಚಿದ್ದಾರೆ.

ಹೀಗೆ ಬರುವವರಲ್ಲಿ ಎರಡು ಬಗೆಯವರನ್ನು ನಾನು ಕಂಡಿದ್ದೇನೆ. ಒಂದು ಬಗೆಯವರು ಸಿಸ್ಟ್ ಎಂದರೆ ಕ್ಯಾನ್ಸರೇ ಎಂದು ತಿಳಿದು, ಊಟ ನಿದ್ರೆ ಬಿಟ್ಟು, ಹೊಲವನ್ನು ಅಡವಿಡಲು ಸಿದ್ಧರಾಗಿರುತ್ತಾರೆ. ಇನ್ನೊಂದು ಬಗೆಯವರು ‘ಇದು ಕ್ಯಾನ್ಸರ್ ಅಲ್ಲವಂತೆ, ನಿರಪಾಯಕಾರಿಯಂತೆ’ ಎಂಬ ಒಂದೇ ಮಾತನ್ನು ಗಟ್ಟಿಯಾಗಿ ಹಿಡಿದು, ವರದಿಯನ್ನು ಪೆಟ್ಟಿಗೆಯಲ್ಲಿಟ್ಟು, ತಲೆನೋವಿಗೆ ಎಣ್ಣೆ ಕಷಾಯಗಳನ್ನು ಕೇಳುತ್ತಾರೆ. ಮೊದಲನೆಯವರ ಭಯಕ್ಕೆ ಅನೇಕ ವೇಳೆ ಕಾರಣವೇ ಇರುವುದಿಲ್ಲ. ಎರಡನೆಯವರ ನೆಮ್ಮದಿಗೆ ಕೆಲವೊಮ್ಮೆ ಆಧಾರವಿರುವುದಿಲ್ಲ. ಇವೆರಡರ ನಡುವಿನ ವಿವೇಕದ ದಾರಿಯನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಸಿಸ್ಟ್ ಎಂದರೇನು?

ತೆಳುವಾದ ಪೊರೆಯೊಳಗೆ ದ್ರವವೋ, ಲೋಳೆಯೋ, ಮೇಣದಂತಹ ಪದಾರ್ಥವೋ ತುಂಬಿಕೊಂಡಿರುವ ಚೀಲವೇ ಸಿಸ್ಟ್. ಕ್ಯಾನ್ಸರ್ ಗಡ್ಡೆಯ ಜೀವಕೋಶಗಳು ಮಿತಿಯಿಲ್ಲದೆ ಬೆಳೆದು ನೆರೆಯ ಅಂಗಾಂಶವನ್ನು ಭೇದಿಸಿಕೊಂಡು ಹೋಗುತ್ತವೆ. ಈ ಲೇಖನದಲ್ಲಿ ಹೇಳುವ ಚೀಲಗಳು ಹಾಗೆ ಮಾಡುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಶಿಶು ತಾಯಿಯ ಗರ್ಭದಲ್ಲಿ ರೂಪುಗೊಳ್ಳುತ್ತಿರುವಾಗಲೇ ಉಂಟಾದವು. ಚರ್ಮವಾಗಬೇಕಿದ್ದ ಕೆಲವು ಕಣಗಳು ಒಳಗೆ ಸಿಲುಕಿಕೊಳ್ಳುವುದರಿಂದ, ಮಿದುಳಿನ ಹೊದಿಕೆ ಎರಡು ಪದರವಾಗಿ ಸೀಳುವುದರಿಂದ, ಮುಚ್ಚಿಹೋಗಬೇಕಿದ್ದ ಸಣ್ಣ ಚೀಲವೊಂದು ಹಾಗೆಯೇ ಉಳಿಯುವುದರಿಂದ ಅವು ಹುಟ್ಟುತ್ತವೆ. ಇದು ತಾಯಿ ಉಂಡ ಆಹಾರದ ದೋಷವಲ್ಲ, ಯಾರ ಶಾಪವೂ ಅಲ್ಲ.

ಹಾಗಾದರೆ ಅಪಾಯ ಎಲ್ಲಿಂದ ಬರುತ್ತದೆ? ಹೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಚೀಲವಿದ್ದರೂ ಅದಕ್ಕೆ ಹಿಗ್ಗಲು ಸ್ಥಳವುಂಟು. ತಲೆಬುರುಡೆಯಾದರೋ ಗಟ್ಟಿ ಎಲುಬಿನ ಪೆಟ್ಟಿಗೆ. ಅದರೊಳಗೆ ಮಿದುಳು, ರಕ್ತ ಮತ್ತು ಮಸ್ತಿಷ್ಕಮೇರು ದ್ರವ ಎಂಬ ಮೂರು ವಸ್ತುಗಳು ಇಕ್ಕಟ್ಟಾಗಿ ತುಂಬಿವೆ. ಹೊಸದೊಂದು ಸೇರಿದರೆ ಇರುವುದರಲ್ಲಿ ಒಂದು ಜಾಗ ಬಿಟ್ಟುಕೊಡಬೇಕು. ಆದ್ದರಿಂದ ಮಿದುಳಿನ ಸಿಸ್ಟ್ ವಿಷಯದಲ್ಲಿ ಅದು ಏನು ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯವಾದ ಪ್ರಶ್ನೆ.

ತೂಬಿಗೆ ಸಿಕ್ಕಿಕೊಂಡ ಗೋಲಿ: ಕೊಲಾಯ್ಡ್ ಸಿಸ್ಟ್

ಈ ಮಾತಿಗೆ ಕೊಲಾಯ್ಡ್ ಸಿಸ್ಟ್‌ಗಿಂತ ಉತ್ತಮ ನಿದರ್ಶನವಿಲ್ಲ. ಮಿದುಳಿನ ಒಳಗೆ ಕುಹರಗಳೆಂಬ ನಾಲ್ಕು ಟೊಳ್ಳು ಕೋಣೆಗಳಿವೆ. ಅಲ್ಲಿ ದಿನವೊಂದಕ್ಕೆ ಸುಮಾರು 500 ಮಿಲಿಲೀಟರ್ ಮಸ್ತಿಷ್ಕಮೇರು ದ್ರವ ಉತ್ಪತ್ತಿಯಾಗುತ್ತದೆ. ಯಾವುದೇ ಸಮಯದಲ್ಲಿ ಒಟ್ಟು ಇರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಎಂದರೆ ಈ ದ್ರವ ದಿನಕ್ಕೆ ಮೂರು ಬಾರಿಗೂ ಹೆಚ್ಚು ಹೊಸದಾಗುತ್ತದೆ. ಹರಿಯುವುದೇ ಅದರ ಧರ್ಮ. ಎಡಬಲದ ಎರಡು ದೊಡ್ಡ ಕುಹರಗಳಿಂದ ಮನ್ರೋ ರಂಧ್ರಗಳೆಂಬ ಕಿರಿದಾದ ದ್ವಾರಗಳ ಮೂಲಕ ಅದು ನಡುವಿನ ಮೂರನೆಯ ಕುಹರಕ್ಕೆ ಇಳಿದು, ಅಲ್ಲಿಂದ ಮುಂದೆ ಸಾಗಿ, ಕೊನೆಗೆ ರಕ್ತದಲ್ಲಿ ಲೀನವಾಗುತ್ತದೆ.

ಕೊಲಾಯ್ಡ್ ಸಿಸ್ಟ್ ಕೂರುವುದು ಈ ಮೂರನೆಯ ಕುಹರದ ಮೇಲ್ಛಾವಣಿಯಲ್ಲಿ, ಸರಿಯಾಗಿ ಆ ದ್ವಾರಗಳ ಬಳಿಯಲ್ಲಿ. ಒಳಗೆ ಅಂಟಾದ ಲೋಳೆ ತುಂಬಿದ, ದುಂಡನೆಯ, ನುಣುಪಾದ ಚೀಲವಿದು. ತಲೆಬುರುಡೆಯೊಳಗಿನ ಎಲ್ಲ ಗಡ್ಡೆಗಳಲ್ಲಿ ಇದರ ಪಾಲು ನೂರಕ್ಕೆ ಒಂದೆರಡನ್ನು ಮೀರದು. ಸಾಮಾನ್ಯವಾಗಿ 20ರಿಂದ 50 ವರ್ಷದೊಳಗಿನವರಲ್ಲಿ ಪತ್ತೆಯಾಗುತ್ತದೆ. ಗಾತ್ರದಲ್ಲಿ ಅದು ಕಡಲೆಕಾಳಿನಷ್ಟೋ ಗೋಲಿಯಷ್ಟೋ ಇರಬಹುದು. ಆದರೆ ತುಂಬಿದ ಕೆರೆಯ ತೂಬಿಗೆ ಒಂದು ಚಿಕ್ಕ ಕಲ್ಲು ಸಿಕ್ಕಿಕೊಂಡರೆ ಇಡೀ ಕಾಲುವೆ ಬತ್ತುವುದಲ್ಲವೇ? ಇಲ್ಲಿಯೂ ಹಾಗೆಯೇ. ಹೊರದಾರಿ ಮುಚ್ಚಿದ ದ್ರವ ಹಿಂದೆ ನಿಂತು ಕುಹರಗಳನ್ನು ಉಬ್ಬಿಸುತ್ತದೆ. ಈ ಸ್ಥಿತಿಗೆ ಜಲಮಸ್ತಿಷ್ಕ ಎಂದು ಹೆಸರು. ಆಸ್ಪತ್ರೆಗಳಲ್ಲಿ ಇದನ್ನೇ ಹೈಡ್ರೊಸೆಫಾಲಸ್ ಎನ್ನುತ್ತಾರೆ.

ತಡೆ ಅರೆಬರೆಯಾಗಿರುವಾಗ ತಲೆನೋವು ಬಂದು ಹೋಗುತ್ತಿರುತ್ತದೆ. ತಲೆಯ ಭಂಗಿ ಬದಲಿಸಿದಾಗ ಸಿಡಿಲೆರಗಿದಂತೆ ಬಂದು, ಮತ್ತೆ ಭಂಗಿ ಬದಲಿಸಿದರೆ ತಗ್ಗಬಹುದು. ಕೆಲವರಿಗೆ ನಡೆಯುತ್ತಿರುವಾಗಲೇ, ಎಚ್ಚರ ತಪ್ಪದೆ, ಕಾಲಿನ ಬಲವಷ್ಟೇ ಹೋಗಿ ಕುಸಿದು ಬೀಳುವಂತಾಗುತ್ತದೆ. ಇನ್ನು ಕೆಲವರಲ್ಲಿ ನೆನಪು ಮಾಸುವುದು, ನಡಿಗೆ ತೊಡರುವುದು ನಿಧಾನವಾಗಿ ಕಾಣಿಸುತ್ತದೆ. ತಡೆ ಹಠಾತ್ತಾಗಿ ಪೂರ್ಣವಾದರೆ ಕೆಲವೇ ಗಂಟೆಗಳಲ್ಲಿ ಪ್ರಜ್ಞೆ ತಪ್ಪಿ ಪ್ರಾಣಕ್ಕೆ ಎರವಾಗಬಹುದು. ಇದು ಅಪರೂಪವೇ ಹೌದು, ಆದರೆ ಸತ್ಯ. ಕ್ಯಾನ್ಸರ್ ಅಲ್ಲದ ವಸ್ತುವೊಂದು ಕೇವಲ ತಾನಿರುವ ಸ್ಥಳದ ಕಾರಣದಿಂದ ಜೀವ ತೆಗೆಯಬಲ್ಲದು ಎಂಬುದನ್ನು ಇದರಿಂದ ತಿಳಿಯಬೇಕು.

ಪತ್ತೆ ಹಚ್ಚುವ ಬಗೆ

ಈ ಚೀಲ ವೈದ್ಯಲೋಕಕ್ಕೆ ಬಹುಕಾಲ ಮರಣೋತ್ತರ ಪರೀಕ್ಷೆಯಲ್ಲಿ ಮಾತ್ರ ಕಾಣಸಿಗುತ್ತಿದ್ದಿತು. ಬದುಕಿರುವವರಲ್ಲಿ ಅದನ್ನು ಕಂಡು ತೆಗೆಯುವ ಹಾದಿಯನ್ನು ತೆರೆದವರು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ. ಸಾಮಾನ್ಯ ಎಕ್ಸ್‌ರೇಯಲ್ಲಿ ಎಲುಬು ಕಾಣುವುದೇ ಹೊರತು ಮಿದುಳಿನ ಕುಹರಗಳು ಕಾಣುವುದಿಲ್ಲ. 1918ರಲ್ಲಿ ಅವರು ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ಕುಹರದ ದ್ರವವನ್ನು ಹೊರತೆಗೆದು, ಅದರ ಸ್ಥಾನದಲ್ಲಿ ಗಾಳಿಯನ್ನು ತುಂಬಿ ಎಕ್ಸ್‌ರೇ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಗಾಳಿ ತುಂಬಿದ ಕುಹರದ ಆಕಾರ ನೆರಳಿನಂತೆ ಮೂಡುತ್ತಿತ್ತು. ಆಕಾರ ಎಲ್ಲಿ ಕೆಟ್ಟಿದೆಯೋ ಅಲ್ಲಿ ಗಡ್ಡೆಯಿದೆ ಎಂದು ಊಹಿಸುತ್ತಿದ್ದರು. 1921ರಲ್ಲಿ ಅವರು ಮೂರನೆಯ ಕುಹರದ ಕೊಲಾಯ್ಡ್ ಸಿಸ್ಟ್ ಒಂದನ್ನು ಯಶಸ್ವಿಯಾಗಿ ತೆಗೆದರು. ತಮ್ಮ ಅನುಭವವನ್ನು 1933ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ಆ ಪರೀಕ್ಷೆ ರೋಗಿಗೆ ಬಹಳ ಯಾತನೆಯದು, ಅಪಾಯವೂ ಇತ್ತು. ಆದರೂ ಅರ್ಧ ಶತಮಾನದವರೆಗೆ ವೈದ್ಯರು ಅಂತಹ ವಿಧಾನಗಳನ್ನೇ ನೆಚ್ಚಬೇಕಾಯಿತು.

1971ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಿಂದ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರ ತೆಗೆಯಲಾಯಿತು. ಅದಕ್ಕಾಗಿ 1979ರಲ್ಲಿ ಅವರಿಗೆ ಅಲನ್ ಕಾರ್ಮ್ಯಾಕ್ ಅವರೊಡನೆ ನೊಬೆಲ್ ಪ್ರಶಸ್ತಿ ಬಂದಿತು. 1980ರ ದಶಕದಲ್ಲಿ ಎಂ.ಆರ್.ಐ. ಬಳಕೆಗೆ ಬಂದಿತು. ಇಂದು ರೋಗಿ ಕೆಲವು ನಿಮಿಷ ಮಿಸುಕಾಡದೆ ಮಲಗಿದರೆ ಸಾಕು. ಸಿ.ಟಿ.ಯಲ್ಲಿ ಕೊಲಾಯ್ಡ್ ಸಿಸ್ಟ್ ಸಾಮಾನ್ಯವಾಗಿ ಬೆಳ್ಳಗಿನ ದುಂಡು ಚುಕ್ಕೆಯಾಗಿ ಕಾಣುತ್ತದೆ. ಕುಹರ ಉಬ್ಬಿದೆಯೋ ಇಲ್ಲವೋ ಎಂಬುದೂ ಒಡನೆಯೇ ತಿಳಿಯುತ್ತದೆ. ಎಂ.ಆರ್.ಐ. ಅದರ ನಿಖರ ಸ್ಥಾನವನ್ನೂ ಸುತ್ತಲಿನ ರಚನೆಗಳೊಡನೆ ಅದಕ್ಕಿರುವ ಸಂಬಂಧವನ್ನೂ ತೋರಿಸುತ್ತದೆ. ಸಿ.ಟಿ.ಯಲ್ಲಿ ಎಕ್ಸ್‌ರೇ ಕಿರಣಗಳ ಬಳಕೆಯಿದೆ. ಎಂ.ಆರ್.ಐ.ಯಲ್ಲಿ ಅದಿಲ್ಲ, ಕಾಂತಶಕ್ತಿ ಮತ್ತು ರೇಡಿಯೊ ತರಂಗಗಳ ಬಳಕೆಯಿದೆ. ‘ಎಂ.ಆರ್.ಐ. ಮಾಡಿಸಿದರೆ ಮಿದುಳು ಸುಡುತ್ತದೆ’ ಎಂಬ ಹಳ್ಳಿಯ ಮಾತಿಗೆ ಅರ್ಥವಿಲ್ಲ. ದೇಹದೊಳಗೆ ಪೇಸ್‌ಮೇಕರ್ ಅಥವಾ ಲೋಹದ ಸಾಧನವಿದ್ದರೆ ಮಾತ್ರ ಮುಂಚಿತವಾಗಿ ತಿಳಿಸಬೇಕು.

ಶಸ್ತ್ರಚಿಕಿತ್ಸೆ ಯಾರಿಗೆ, ಹೇಗೆ?

ಚೀಲ ಚಿಕ್ಕದು, ತೊಂದರೆಯಿಲ್ಲ, ಕುಹರಗಳು ಉಬ್ಬಿಲ್ಲ ಎಂದಾದರೆ ಕಾಲಕಾಲಕ್ಕೆ ಎಂ.ಆರ್.ಐ. ಮಾಡಿಸಿ ಗಮನಿಸುವುದೇ ಚಿಕಿತ್ಸೆ. ಗಾತ್ರ 10 ಮಿಲಿಮೀಟರ್ ಸಮೀಪಿಸಿದರೆ, ಬೆಳೆಯುತ್ತಿದ್ದರೆ, ತಲೆನೋವು ಮೊದಲಾದ ಲಕ್ಷಣಗಳಿದ್ದರೆ ಅಥವಾ ಕುಹರ ಉಬ್ಬಿದ್ದರೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ಈ ಚೀಲವನ್ನು ಕರಗಿಸುವ ಮಾತ್ರೆಯಾಗಲಿ, ಕಷಾಯವಾಗಲಿ, ಭಸ್ಮವಾಗಲಿ ಇಲ್ಲ. ಆಯುರ್ವೇದವೇ ಕೆಲವು ವ್ಯಾಧಿಗಳನ್ನು ಶಸ್ತ್ರಸಾಧ್ಯವೆಂದು ಬೇರ್ಪಡಿಸಿದೆ. ಸುಶ್ರುತನ ಪರಂಪರೆಗೆ ಸೇರಿದವರು ಶಸ್ತ್ರವನ್ನು ಕಂಡು ಹಿಂಜರಿಯಬೇಕಾಗಿಲ್ಲ.

ವಿಧಾನಗಳು ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ತಲೆಬುರುಡೆಯ ಚಿಕ್ಕ ಭಾಗವನ್ನು ತೆರೆದು, ಮಿದುಳಿನ ಎರಡು ಅರ್ಧಗೋಳಗಳ ನಡುವಿನ ಸಂದಿಯಲ್ಲಿ ಇಳಿದು, ಅವುಗಳನ್ನು ಜೋಡಿಸುವ ಸೇತುವಿನಲ್ಲಿ ಕಿರಿದಾದ ದಾರಿ ಮಾಡಿ, ಸೂಕ್ಷ್ಮದರ್ಶಕದ ಸಹಾಯದಿಂದ ಚೀಲವನ್ನು ಬಿಡಿಸಿ ತೆಗೆಯುತ್ತಾರೆ. ಎರಡನೆಯದರಲ್ಲಿ ಒಂದು ಸಣ್ಣ ರಂಧ್ರದ ಮೂಲಕ ಎಂಡೋಸ್ಕೋಪ್ ಎಂಬ ದರ್ಶಕ ನಳಿಕೆಯನ್ನು ಉಬ್ಬಿದ ಕುಹರದೊಳಗೆ ಇಳಿಸಿ, ಚೀಲವನ್ನು ಒಡೆದು ಲೋಳೆಯನ್ನು ಹೀರಿ, ಪೊರೆಯನ್ನು ಹೊರತೆಗೆಯುತ್ತಾರೆ. ಎಂಡೋಸ್ಕೋಪ್ ವಿಧಾನದಲ್ಲಿ ಗಾಯ ಚಿಕ್ಕದು, ಆಸ್ಪತ್ರೆಯ ವಾಸ ಕಡಿಮೆ. ಸೂಕ್ಷ್ಮದರ್ಶಕದ ವಿಧಾನದಲ್ಲಿ ಪೊರೆಯನ್ನು ಪೂರ್ತಿಯಾಗಿ ತೆಗೆಯುವ ಸಾಧ್ಯತೆ ಹೆಚ್ಚು. ಪೊರೆಯ ಚೂರು ಉಳಿದರೆ ಚೀಲ ಮರುಕಳಿಸಬಹುದಾದ್ದರಿಂದ ಈ ವ್ಯತ್ಯಾಸ ಮುಖ್ಯ. ರೋಗಿ ಪ್ರಜ್ಞೆ ತಪ್ಪುವ ಸ್ಥಿತಿಯಲ್ಲಿ ಬಂದರೆ, ಚೀಲವನ್ನು ಮುಟ್ಟುವ ಮೊದಲು ತುರ್ತಾಗಿ ನಳಿಕೆ ಹಾಕಿ ದ್ರವವನ್ನು ಹೊರಗೆ ಹರಿಯಿಸುವುದುಂಟು.

ಅಪಾಯಗಳನ್ನೂ ಮುಚ್ಚುಮರೆಯಿಲ್ಲದೆ ತಿಳಿಯಬೇಕು. ಚೀಲಕ್ಕೆ ಅಂಟಿಕೊಂಡಂತೆ ಫಾರ್ನಿಕ್ಸ್ ಎಂಬ ನರತಂತುಗಳ ಕಮಾನು ಹಾದುಹೋಗುತ್ತದೆ. ಹೊಸ ವಿಷಯಗಳನ್ನು ನೆನಪಿನಲ್ಲಿಡುವ ಕೆಲಸದಲ್ಲಿ ಅದರ ಪಾತ್ರ ದೊಡ್ಡದು. ಅದಕ್ಕೆ ಪೆಟ್ಟಾದರೆ ಕೆಲಕಾಲ, ಅಪರೂಪಕ್ಕೆ ಶಾಶ್ವತವಾಗಿ, ಮರೆವು ಕಾಡಬಹುದು. ರಕ್ತಸ್ರಾವ, ಸೋಂಕು, ಅಪಸ್ಮಾರಗಳ ಸಾಧ್ಯತೆಯೂ ಇದೆ. ಆದ್ದರಿಂದ ‘ನನ್ನ ಚೀಲವನ್ನು ಈಗಲೇ ತೆಗೆಯಬೇಕೇ, ಕಾಯಬಹುದೇ? ಕಾದರೆ ಏನಾಗಬಹುದು, ತೆಗೆದರೆ ಏನಾಗಬಹುದು?’ ಎಂದು ಶಸ್ತ್ರವೈದ್ಯರನ್ನು ಕೇಳುವುದು ರೋಗಿಯ ಹಕ್ಕು. ಅದರಲ್ಲಿ ಅವಿಶ್ವಾಸವೇನೂ ಇಲ್ಲ.

ಇನ್ನಿತರ ಚೀಲಗಳು

ಅರಕ್ನಾಯ್ಡ್ ಸಿಸ್ಟ್: ವರದಿಗಳಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳಲ್ಲಿ ಇದೊಂದು. ಮಿದುಳಿನ ನಡುಹೊದಿಕೆ ಸೀಳಿ, ಅದರಲ್ಲಿ ತಿಳಿಯಾದ ದ್ರವ ನಿಂತಿರುತ್ತದೆ. ಕಿವಿಯ ಮೇಲ್ಭಾಗದಲ್ಲಿ, ಎಲುಬಿನ ಒಳಗೆ ಇದು ಹೆಚ್ಚಾಗಿ ಸಿಗುತ್ತದೆ. ಬೇರಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಆಕಸ್ಮಿಕವಾಗಿ ಕಾಣುವ ಇಂತಹ ಚೀಲಗಳಲ್ಲಿ ಬಹುಪಾಲಿಗೆ ಚಿಕಿತ್ಸೆಯೇ ಬೇಡ. ಜೀವನಪರ್ಯಂತ ಅವು ತಣ್ಣಗಿರುತ್ತವೆ. ಹೊಲ ಅಡವಿಡಲು ಹೊರಟವರಿಗೆ ಮೊದಲು ಹೇಳಬೇಕಾದ ಮಾತು ಇದೇ. ಆದರೆ ತಲೆಗೆ ಬಲವಾದ ಪೆಟ್ಟು ಬಿದ್ದರೆ ಈ ಚೀಲದ ಸುತ್ತ ರಕ್ತ ಸೋರುವ ಸಂಭವವುಂಟು. ಆದ್ದರಿಂದ ಹೆಲ್ಮೆಟ್ ತಪ್ಪಿಸಬಾರದು, ಪೆಟ್ಟಾದ ಮೇಲೆ ತಲೆನೋವು ಬಿಡದಿದ್ದರೆ ತಡಮಾಡಬಾರದು. ಚೀಲ ದೊಡ್ಡದಾಗಿ ಒತ್ತಡ ಉಂಟುಮಾಡಿದರೆ, ಅದರ ಗೋಡೆಯಲ್ಲಿ ಕಿಂಡಿ ತೆರೆದು ದ್ರವವನ್ನು ಸಹಜ ದಾರಿಗೆ ಸೇರಿಸುತ್ತಾರೆ, ಅಥವಾ ಷಂಟ್ ಎಂಬ ನಳಿಕೆಯ ಮೂಲಕ ಹೊಟ್ಟೆಯೊಳಕ್ಕೆ ಹರಿಯಿಸುತ್ತಾರೆ.

ಎಪಿಡರ್ಮಾಯ್ಡ್ ಸಿಸ್ಟ್: ಗರ್ಭದಲ್ಲಿ ಒಳಗೆ ಸಿಲುಕಿದ ಚರ್ಮದ ಕಣಗಳಿಂದ ಇದು ಹುಟ್ಟುತ್ತದೆ. ನಮ್ಮ ಚರ್ಮ ಹೊಟ್ಟು ಉದುರಿಸುವಂತೆ ಇದೂ ಒಳಗೇ ಉದುರಿಸಿ, ಪದರ ಪದರವಾಗಿ, ಮುತ್ತಿನ ಬಿಳುಪಿನ ಗಂಟಾಗುತ್ತದೆ. ಬೆಳವಣಿಗೆ ಚರ್ಮದಷ್ಟೇ ನಿಧಾನ. ಆದ್ದರಿಂದ ಹುಟ್ಟಿನಿಂದ ಇದ್ದರೂ ನಡುವಯಸ್ಸಿನಲ್ಲಿ ತೊಂದರೆ ಕೊಡಬಹುದು. ಕಿವಿಯ ಹಿಂಬದಿಯ ಆಳದಲ್ಲಿ, ಮುಖದ ಮತ್ತು ಶ್ರವಣದ ನರಗಳ ನಡುವೆ ಇದು ನುಸುಳಿಕೊಳ್ಳುತ್ತದೆ. ಒಂದು ಕಿವಿ ಮಂದವಾಗುವುದು, ಮುಖದ ಒಂದು ಪಾರ್ಶ್ವದಲ್ಲಿ ಮಿಂಚು ಹೊಡೆದಂತಹ ನೋವು ಬರುವುದು ಇದರ ಲಕ್ಷಣಗಳು. ಅಂತಹ ನೋವಿಗೆ ಹಲ್ಲೇ ಕಾರಣವೆಂದು ಒಂದರ ಮೇಲೊಂದು ಹಲ್ಲು ಕೀಳಿಸಿಕೊಂಡವರನ್ನು ಕಂಡಿದ್ದೇನೆ. ಮುಖದ ಇಂತಹ ನೋವಿಗೆ ರಕ್ತನಾಳವೊಂದು ನರವನ್ನು ಒತ್ತುವುದೇ ಹೆಚ್ಚಿನವರಲ್ಲಿ ಕಾರಣ. ಆದರೂ ವಿಶೇಷವಾಗಿ ಚಿಕ್ಕ ವಯಸ್ಸಿನವರಲ್ಲಿ ಎಂ.ಆರ್.ಐ. ಮಾಡಿಸದೆ ಬಿಡಬಾರದು. ಅರಕ್ನಾಯ್ಡ್ ಮತ್ತು ಎಪಿಡರ್ಮಾಯ್ಡ್ ಚೀಲಗಳು ಸಾಮಾನ್ಯ ಚಿತ್ರದಲ್ಲಿ ಒಂದೇ ರೀತಿ ಕಾಣಬಹುದು. ನೀರಿನ ಕಣಗಳ ಚಲನೆಯನ್ನು ಅಳೆಯುವ ವಿಶೇಷ ಎಂ.ಆರ್.ಐ. ಚಿತ್ರದಲ್ಲಿ ಎಪಿಡರ್ಮಾಯ್ಡ್ ಪ್ರಕಾಶಮಾನವಾಗಿ ಹೊಳೆಯುತ್ತದೆ, ಅರಕ್ನಾಯ್ಡ್ ಕಪ್ಪಾಗಿಯೇ ಉಳಿಯುತ್ತದೆ. ಎಪಿಡರ್ಮಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ನರಗಳಿಗೆ ಬಲವಾಗಿ ಅಂಟಿದ ಪೊರೆಯ ಚೂರನ್ನು ವೈದ್ಯರು ಕೆಲವೊಮ್ಮೆ ಬೇಕೆಂದೇ ಬಿಡುತ್ತಾರೆ. ಅದನ್ನು ಕಿತ್ತು ಮುಖದ ನರವನ್ನು ಕಳೆದುಕೊಳ್ಳುವುದಕ್ಕಿಂತ ವರ್ಷಗಳ ಕಾಲ ಗಮನಿಸುವುದು ಲೇಸು.

ರಾತ್‌ಕೆ ಸಿಸ್ಟ್: ಪಿಟ್ಯುಟರಿ ಗ್ರಂಥಿ ರೂಪುಗೊಳ್ಳುವಾಗ ಮುಚ್ಚದೆ ಉಳಿದ ಸಂದಿಯಲ್ಲಿ ಇದು ಉಂಟಾಗುತ್ತದೆ. ದೊಡ್ಡದಾದರೆ ಮೇಲಿರುವ ದೃಷ್ಟಿನರವನ್ನು ಒತ್ತಿ ಅಕ್ಕಪಕ್ಕದ ನೋಟವನ್ನು ಮಂಕಾಗಿಸುತ್ತದೆ. ಮುಟ್ಟು ನಿಲ್ಲುವುದು, ಅತಿಯಾದ ಬಳಲಿಕೆ ಮುಂತಾದ ಹಾರ್ಮೋನ್ ತೊಂದರೆಗಳೂ ಬರಬಹುದು. ಶಸ್ತ್ರಚಿಕಿತ್ಸೆ ಬೇಕಾದಲ್ಲಿ ತಲೆಬುರುಡೆಯನ್ನು ತೆರೆಯದೆ ಮೂಗಿನ ಮೂಲಕವೇ ಮಾಡುತ್ತಾರೆ.

ಪೀನಿಯಲ್ ಸಿಸ್ಟ್: ಎಂ.ಆರ್.ಐ.ಯಲ್ಲಿ ಆಗಾಗ ಕಾಣುವ ಚಿಕ್ಕ ಚೀಲ. ಬಹುತೇಕ ಎಲ್ಲ ಸಂದರ್ಭಗಳಲ್ಲಿ ತೊಂದರೆಯಿಲ್ಲದ್ದು.

ಇವೆಲ್ಲಕ್ಕಿಂತ ಬೇರೆಯಾದ ಒಂದು ಚೀಲದ ಮಾತನ್ನೂ ಹೇಳಬೇಕು. ಫಿಟ್ಸ್ ಬಂದವರ ವರದಿಯಲ್ಲಿ ‘ಸಿಸ್ಟಿಸರ್ಕಸ್’ ಎಂದಿದ್ದರೆ ಅದು ಹುಟ್ಟಿನಿಂದ ಬಂದುದಲ್ಲ, ಲಾಡಿಹುಳುವಿನ ಮರಿಚೀಲ. ನಮ್ಮ ದೇಶದಲ್ಲಿ ಇದು ಅಪರೂಪವೂ ಅಲ್ಲ. ‘ನಾವು ಮಾಂಸವನ್ನೇ ಮುಟ್ಟದವರು, ನಮಗೆಲ್ಲಿಂದ ಬಂತು?’ ಎಂದು ಭಕ್ತರು ಕೇಳುವುದುಂಟು. ಈ ಹುಳು ಹೊಟ್ಟೆಯಲ್ಲಿರುವವರ ಮಲದೊಡನೆ ಅದರ ಮೊಟ್ಟೆಗಳು ಹೊರಬೀಳುತ್ತವೆ. ಆ ಮೊಟ್ಟೆಗಳು ಕಲುಷಿತ ನೀರು, ತೊಳೆಯದ ಹಸಿ ತರಕಾರಿ, ಸೊಪ್ಪು, ಅಶುಚಿಯಾದ ಕೈಗಳ ಮೂಲಕ ಯಾರ ಬಾಯನ್ನಾದರೂ ಸೇರಬಹುದು. ಸಸ್ಯಾಹಾರವೊಂದೇ ಇದರಿಂದ ಕಾಪಾಡದು, ಶುಚಿತ್ವ ಕಾಪಾಡುತ್ತದೆ. ಇದಕ್ಕೆ ಹೆಚ್ಚಾಗಿ ಔಷಧದಿಂದಲೇ ಚಿಕಿತ್ಸೆ ನಡೆಯುತ್ತದೆ. ಆದರೆ ಹುಳುವಿನ ಮಾತ್ರೆಯನ್ನು ತಾವೇ ಕೊಂಡು ನುಂಗಬಾರದು. ಚೀಲ ಸಾಯುವಾಗ ಮಿದುಳು ಊದಿಕೊಳ್ಳುವುದರಿಂದ ವೈದ್ಯರ ಮೇಲ್ವಿಚಾರಣೆ ಅವಶ್ಯ.

ಅಲಕ್ಷಿಸಬಾರದ ಲಕ್ಷಣಗಳು

ತಲೆನೋವುಗಳಲ್ಲಿ ಬಹುಪಾಲು ಅರೆತಲೆನೋವು, ಒತ್ತಡ, ನಿದ್ರೆಗೇಡು, ಹಸಿವು, ದೃಷ್ಟಿದೋಷ ಇವುಗಳಿಂದ ಬಂದವು. ಪ್ರತಿ ತಲೆನೋವಿಗೂ ಸ್ಕ್ಯಾನ್ ಬೇಕಾಗಿಲ್ಲ. ಆದರೆ ಕೆಳಗಿನ ಯಾವುದೇ ಲಕ್ಷಣ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

1. ಬೆಳಗಿನ ಜಾವ ನಿದ್ರೆಯಿಂದ ಎಬ್ಬಿಸುವ, ವಾಂತಿಯೊಡನೆ ಬರುವ, ದಿನೇ ದಿನೇ ಹೆಚ್ಚುವ ತಲೆನೋವು.
2. ಬಾಗಿದಾಗ, ಕೆಮ್ಮಿದಾಗ, ತಲೆಯ ಭಂಗಿ ಬದಲಿಸಿದಾಗ ಥಟ್ಟನೆ ಉಲ್ಬಣಿಸುವ ತಲೆನೋವು.
3. ಒಂದು ವಸ್ತು ಎರಡಾಗಿ ಕಾಣುವುದು, ಅಕ್ಕಪಕ್ಕದ ನೋಟ ಮಸುಕಾಗುವುದು.
4. ಎಚ್ಚರವಿರುವಾಗಲೇ ಕಾಲು ಸೋತು ಕುಸಿಯುವುದು.
5. ವಯಸ್ಕರಲ್ಲಿ ಮೊದಲ ಬಾರಿಗೆ ಬಂದ ಫಿಟ್ಸ್.
6. ಹಿರಿಯರಲ್ಲಿ ನಡಿಗೆ ತೊಡರುವುದು, ಮರೆವು, ಮೂತ್ರದ ಹತೋಟಿ ತಪ್ಪುವುದು ಒಟ್ಟಾಗಿ ಕಾಣುವುದು. ಇದನ್ನು ಮುಪ್ಪಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗಬಾರದು.
7. ಕೂಸಿನ ತಲೆ ಬೇಗಬೇಗ ದೊಡ್ಡದಾಗುವುದು, ನೆತ್ತಿ ಉಬ್ಬಿ ಬಿಗಿಯಾಗಿರುವುದು.

ತಲೆನೋವಿನೊಡನೆ ಮಂಪರು ಕವಿಯುತ್ತಿದ್ದರೆ ಅದು ಆ ಗಳಿಗೆಯ ತುರ್ತು. ಬೆಳಗಾಗಲೆಂದು ಕಾಯಬಾರದು.

ಮೂವತ್ತರ ಆಸುಪಾಸಿನ ಶಿಕ್ಷಕರೊಬ್ಬರು ಪಿತ್ತದ ತಲೆನೋವೆಂದು ಭಾವಿಸಿ ತಿಂಗಳುಗಟ್ಟಲೆ ಶುಂಠಿ, ಜೀರಿಗೆ ಕಷಾಯ ಕುಡಿದು ನನ್ನಲ್ಲಿಗೆ ಬಂದಿದ್ದರು. ಮಕ್ಕಳ ಪುಸ್ತಕ ನೋಡಲು ಬಾಗಿದಾಗಲೆಲ್ಲ ನೋವು ಎರಗುವುದೆಂದೂ ಬೆಳಗ್ಗೆ ವಾಂತಿಯಾಗುವುದೆಂದೂ ಹೇಳಿದರು. ಅಂದೇ ಸಿ.ಟಿ.ಗೆ ಕಳುಹಿಸಿದೆ. ಮೂರನೆಯ ಕುಹರದಲ್ಲಿ ಬಿಳಿಯ ಚುಕ್ಕೆ, ಉಬ್ಬಿದ ಕುಹರಗಳು. ಆ ವಾರವೇ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕೆಲವು ವಾರ ಮರೆವು ಇದ್ದಿತು. ಆಮೇಲೆ ಮತ್ತೆ ಪಾಠಕ್ಕೆ ನಿಂತರು.

ಆಯುರ್ವೇದದ ಪಾತ್ರ

ಮೇಲಿನ ಲಕ್ಷಣಗಳಿರುವವರು ಪರೀಕ್ಷೆಗೆ ಮುಂಚೆ ಶೀರ್ಷಾಸನ, ಕಪಾಲಭಾತಿ, ಬಲವಾದ ಕುಂಭಕಗಳನ್ನು ಮಾಡಬಾರದು. ಅವು ತಲೆಯೊಳಗಿನ ಒತ್ತಡವನ್ನು ಹೆಚ್ಚಿಸಬಹುದು. ಶಸ್ತ್ರಚಿಕಿತ್ಸೆ ನಿಶ್ಚಯವಾದಾಗ ತಾವು ಸೇವಿಸುವ ಭಸ್ಮ, ಗುಗ್ಗುಳು, ಲೇಹ್ಯ, ಬೆಳ್ಳುಳ್ಳಿಯ ಮಾತ್ರೆ ಎಲ್ಲವನ್ನೂ ಶಸ್ತ್ರವೈದ್ಯರಿಗೆ ಹೇಳಬೇಕು. ಕೆಲವು ದ್ರವ್ಯಗಳು ರಕ್ತ ಹೆಪ್ಪುಗಟ್ಟುವಿಕೆಯನ್ನು ತಗ್ಗಿಸುತ್ತವೆ. ಮೂಗಿನ ಮೂಲಕ ಶಸ್ತ್ರಚಿಕಿತ್ಸೆಯಾದವರು ವೈದ್ಯರ ಅನುಮತಿಯಿಲ್ಲದೆ ನಸ್ಯ, ಜಲನೇತಿಗಳನ್ನು ಮಾಡಕೂಡದು. ಮುಚ್ಚಿದ ಜಾಗ ತೆರೆದು ಸೋಂಕು ಮಿದುಳಿಗೆ ಏರಬಹುದು. ತಲೆಯ ಗಾಯ ಪೂರ್ಣವಾಗಿ ಮಾಯುವವರೆಗೆ ಶಿರೋಧಾರೆ, ತಲೆಯ ಅಭ್ಯಂಗ ಬೇಡ. ಫಿಟ್ಸ್ ತಡೆಯುವ ಮಾತ್ರೆಗಳನ್ನು ‘ಈಗ ಚೆನ್ನಾಗಿದ್ದೇನೆ’ ಎಂದು ತಾವಾಗಿ ನಿಲ್ಲಿಸಬಾರದು. ಗುಣವಾಗುತ್ತಿರುವ ದಿನಗಳಲ್ಲಿ ಲಘುವಾದ ಬಿಸಿ ಆಹಾರ, ಹೆಸರುಬೇಳೆಯ ಗಂಜಿ, ಹೊತ್ತಿಗೆ ಸರಿಯಾದ ನಿದ್ರೆ, ಮಲಬದ್ಧತೆಯಾಗದಂತೆ ಎಚ್ಚರ ಇವು ನಾವು ಕೊಡಬಹುದಾದ ನೆರವು.

ಇಂದು ಬೆಂಗಳೂರಿನ ನಿಮ್ಹಾನ್ಸ್ ಅಲ್ಲದೆ ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಮಂಗಳೂರುಗಳಲ್ಲಿಯೂ ನರಶಸ್ತ್ರವೈದ್ಯರಿದ್ದಾರೆ. ಬಿ.ಪಿ.ಎಲ್. ಕುಟುಂಬಗಳು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯವನ್ನು ವಿಚಾರಿಸಿಕೊಳ್ಳಬೇಕು. ಹಣದ ಚಿಂತೆಯಿಂದ ಪರೀಕ್ಷೆಯನ್ನೇ ಮುಂದೂಡುವುದು ತರವಲ್ಲ.

ಸಿಸ್ಟ್ ಎಂಬ ಪದವಿರುವ ವರದಿ ಕೈಗೆ ಬಂದಾಗ ಭಕ್ತರು ನಾಲ್ಕು ಪ್ರಶ್ನೆಗಳನ್ನು ನೆನಪಿಡಲಿ. ಚೀಲ ಎಲ್ಲಿದೆ? ದ್ರವದ ದಾರಿಗೆ ಅಡ್ಡವಾಗಿದೆಯೇ? ಹಿಂದಿಗಿಂತ ಬೆಳೆದಿದೆಯೇ? ನನ್ನ ತೊಂದರೆಗೆ ಅದೇ ಕಾರಣವೇ? ಈ ನಾಲ್ಕಕ್ಕೆ ನರರೋಗ ತಜ್ಞರಿಂದ ಉತ್ತರ ಪಡೆದ ಮೇಲೆ, ಸುಮ್ಮನಿರಬೇಕಾದಲ್ಲಿ ನಿಶ್ಚಿಂತೆಯಿಂದ ಸುಮ್ಮನಿರಬಹುದು, ಶಸ್ತ್ರಕ್ಕೆ ಒಪ್ಪಬೇಕಾದಲ್ಲಿ ಧೈರ್ಯದಿಂದ ಒಪ್ಪಬಹುದು. ಹಳೆಯ ಸ್ಕ್ಯಾನ್ ಫಿಲ್ಮುಗಳನ್ನು ಮಾತ್ರ ಎಸೆಯದೆ ಜೋಪಾನವಾಗಿಡಿ. ಮುಂದಿನ ಬಾರಿ ಹೋಲಿಸಿ ನೋಡಲು ವೈದ್ಯರಿಗೆ ಅವೇ ಆಧಾರ.